ರಿಪೋರ್ಟ್ ನಾರ್ಮಲ್, ಮೈಯೆಲ್ಲ ನೋವು

ಟಿಎಸ್‌ಎಚ್ 2.6. ಥೈರಾಯ್ಡ್ ಗ್ರಂಥಿ ಸರಿ ಕೆಲಸ ಮಾಡುತ್ತಿದೆಯಾ ಅಂತ ನೋಡುವ ರಕ್ತ ಪರೀಕ್ಷೆಯ ಅಂಕಿ ಇದು, 2.6 ಅಂದರೆ ನಾರ್ಮಲ್. ಈ ಅಂಕಿಯನ್ನು ನಾನು ಮರೆಯುವುದಿಲ್ಲ. ಯಾಕೆಂದರೆ ಅದು ಬಂದ ದಿನದಿಂದ ನಮ್ಮ ಮನೆಯಲ್ಲಿ ನನ್ನ ನೋವಿನ ಮಾತಿಗೆ ಬೆಲೆ ಹೋಯಿತು.

ಅವತ್ತು ಜುಲೈ ತಿಂಗಳ ಒಂದು ಶನಿವಾರ. ಮಡಿಕೇರಿಯ ಲ್ಯಾಬಿನಲ್ಲಿ ರಿಪೋರ್ಟ್ ತೆಗೆದುಕೊಂಡು, ಕೊಡೆ ಇದ್ದರೂ ಅರ್ಧ ನೆನೆದು, ಬಸ್ಸಿನಲ್ಲಿ ಸುಂಟಿಕೊಪ್ಪಕ್ಕೆ ಬಂದು ಇಳಿದೆವು. ನಮ್ಮ ಯಜಮಾನರು ದಾರಿಯಲ್ಲೇ ಎರಡು ಸಲ ಆ ಹಾಳೆ ಬಿಡಿಸಿ ನೋಡಿದರು. "ಅಬ್ಬಾ, ಇದೊಂದು ಮುಗೀತು" ಅಂದರು. ಮನೆಗೆ ಬಂದ ಮೇಲೆ ಅತ್ತೆ ದೇವರಿಗೆ ದೀಪ ಹಚ್ಚಿ ಕೈ ಮುಗಿದರು. ನನ್ನ ಥೈರಾಯ್ಡ್ ಹಿಂದೆ ಓಡಾಡಿ ಎಲ್ಲರಿಗೂ ಸಾಕಾಗಿತ್ತು, ಅವರ ಸಮಾಧಾನ ನಿಜವಾದದ್ದೇ. ಆ ಸಂಜೆ ಬಚ್ಚಲಲ್ಲಿ ಒಂದು ಟವಲ್ ಒಗೆದೆ. ಹಿಂಡೋಕೆ ಹೋದರೆ ಆಗಲಿಲ್ಲ. ಕೈಯಲ್ಲಿ ಬಲ ಇರಲಿಲ್ಲ ಅಂತಲ್ಲ. ತಿರುಚಿದ ಕೂಡಲೇ ಮಣಿಕಟ್ಟಿನಿಂದ ಮೊಣಕೈ, ಮೊಣಕೈಯಿಂದ ಭುಜ, ಅಲ್ಲಿಂದ ಕುತ್ತಿಗೆಯ ಬುಡದ ತನಕ ಒಂದು ಉರಿ ಹತ್ತಿಕೊಂಡು ಹೋಯಿತು. ಹಾಗೇ ತಂದು ಒಲೆ ಮೇಲಿನ ಹಗ್ಗಕ್ಕೆ ನೇತು ಹಾಕಿದೆ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದು ಅಲ್ಲೇ ತಾನೇ. ನೀರು ತೊಟ್ಟು ತೊಟ್ಟಾಗಿ ಬಿಸಿ ಕಲ್ಲಿನ ಮೇಲೆ ಬಿದ್ದು ಚುಂಯ್ ಅನ್ನುತ್ತಿತ್ತು.

"ಏನಮ್ಮಾ, ಹಿಂಡಲೇ ಇಲ್ವಾ?" ಅಂತ ಅತ್ತೆ ಕೇಳಿದರು.

"ಕೈಯೆಲ್ಲ ನೋವು ಅತ್ತೆ."

"ಇವತ್ತು ನಾರ್ಮಲ್ ಅಂದ್ರಲ್ಲಾ?"

ಅದರಲ್ಲಿ ಕೊಂಕು ಇರಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥ ಆಗಿರಲಿಲ್ಲ. ನನಗೂ ಆಗಿರಲಿಲ್ಲ. ನನಗೆ ಇದ್ದದ್ದು ಒಂದು ಕಾಯಿಲೆ ಅಂತ ನಾವೆಲ್ಲ ನಂಬಿದ್ದೆವು, ಇದ್ದದ್ದು ಎರಡು. ಇನ್ನೊಂದರ ಹೆಸರು ಫೈಬ್ರೊಮಯಾಲ್ಜಿಯ, ಅಂದರೆ ನೋಯುವ ಜಾಗದಲ್ಲಿ ಗಾಯ ಇಲ್ಲದೆಯೂ ಮೈಯೆಲ್ಲ ನೋಯುವ ಕಾಯಿಲೆ, ಅಂತ ಗೊತ್ತಾಗಲು ಆಮೇಲೆ ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷದ ಬಗ್ಗೆಯೇ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ, ಯಾಕೆಂದರೆ ನನಗೆ ಗೊತ್ತಿರುವ ಎಷ್ಟೋ ಹೆಂಗಸರು ಈಗಲೂ ಅದೇ ಜಾಗದಲ್ಲಿ ನಿಂತಿದ್ದಾರೆ. ಕೈಯಲ್ಲಿ ನಾರ್ಮಲ್ ರಿಪೋರ್ಟ್, ಮೈಯೆಲ್ಲ ನೋವು.

ಏಪ್ರಿಲ್‌ನಲ್ಲಿ ಸ್ವೆಟರ್

ಥೈರಾಯ್ಡ್ ಹಾರ್ಮೋನ್ ಕಡಿಮೆ ಆದವರಿಗೆ ಚಳಿ ತಡೆಯಲು ಆಗುವುದಿಲ್ಲ. ಆದರೆ ಕೊಡಗಿನಲ್ಲಿ ಚಳಿ ಆಗುತ್ತದೆ ಅಂದರೆ ಯಾರು ತಿರುಗಿ ನೋಡುತ್ತಾರೆ? ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲರೂ ಒಲೆ ಮುಂದೆಯೇ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ಬೆಳಗ್ಗೆ ಎದುರಿನ ಗಿಡ ಕಾಣದಷ್ಟು ಮಂಜು. ಆಯಾಸದ ಕತೆಯೂ ಅದೇ. ಕುಯ್ಲಿನಲ್ಲಿ ದಣಿಯದವರು ಯಾರಿದ್ದಾರೆ? ನಮ್ಮದು ಮೂರು ಎಕರೆ ತೋಟ, ಕಣ ನೋಡಿಕೊಳ್ಳುವುದು ನಾನು ಮತ್ತು ಅತ್ತೆ. ಬೆಳಗ್ಗೆ ಟಾರ್ಪಾಲ್ ತೆಗೆದು ಕಾಫಿ ಹರಡಿ ಶಾಲೆಗೆ ಓಡುವುದು, ಸಂಜೆ ಬಂದು ಎಳೆದು ರಾಶಿ ಮಾಡಿ ಮುಚ್ಚುವುದು. ಸೊಂಟ ನೋಯುತ್ತದೆ ಅಂದರೆ ಕಣದ ಕೆಲಸ ಅಂತಲೇ ಲೆಕ್ಕ. ಹೀಗೆ ನನ್ನ ಒಂದೊಂದು ಲಕ್ಷಣಕ್ಕೂ ಊರಿನಲ್ಲೇ ಒಂದೊಂದು ಕಾರಣ ರೆಡಿ ಇತ್ತು. ಎರಡು ಮೂರು ವರ್ಷ ಹಾಗೇ ಕಳೆಯಿತು.

ಕೊನೆಗೆ ಸಿಕ್ಕಿಬಿದ್ದದ್ದು ಏಪ್ರಿಲ್‌ನಲ್ಲಿ. ಹತ್ತನೇ ತಾರೀಕಿನ ಫಲಿತಾಂಶಕ್ಕೆ ಸ್ಟಾಫ್ ರೂಮಿನಲ್ಲಿ ಅಂಕಪಟ್ಟಿ ಬರೆಯುತ್ತಿದ್ದೆವು. ಫ್ಯಾನ್ ತಿರುಗುತ್ತಿತ್ತು, ಉಳಿದವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ನಾನು ಸ್ವೆಟರ್ ಹಾಕಿ ಕೂತಿದ್ದೆ. ಮೂರು ವರ್ಷ ನನ್ನ ಕ್ಲಾಸಿನಲ್ಲೇ ಓದಿದ ಹುಡುಗಿಯ ಹೆಸರು ಬಾಯಿಗೆ ಬರಲಿಲ್ಲ. ಮುಖ ಕಣ್ಣ ಮುಂದೆ ಇದೆ, ಹೆಸರು ಇಲ್ಲ. ಪೆನ್ನು ಹಿಡಿದು ಸುಮ್ನೆ ಕೂತಿದ್ದೆ. ಹೆಡ್‌ಮೇಡಂ ಹತ್ತಿರ ಬಂದು ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ. ಆದ್ರೆ ನಿಮ್ಮ ಮುಖ ಯಾಕೆ ಇಷ್ಟು ಊದಿಕೊಂಡಿದೆ? ನಾಳೇನೇ ಹೋಗಿ ರಕ್ತ ಕೊಟ್ಟು ಬನ್ನಿ" ಅಂದರು. ಅವರಿಗೆ ನಾನು ಇವತ್ತಿಗೂ ಋಣಿ.

ಡಾಕ್ಟರ್ ನನ್ನನ್ನು ಕುರ್ಚಿಯ ಮೇಲೆ ಮಂಡಿಯೂರಿ ನಿಲ್ಲಿಸಿದರು. ಹಿಮ್ಮಡಿಯ ಹಿಂದೆ ಗಟ್ಟಿ ಹುರಿಯ ಹಾಗೆ ಇರುತ್ತದಲ್ಲ, ಅಲ್ಲಿಗೆ ಸಣ್ಣ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಪಾದ ಚಕ್ ಅಂತ ಜಿಗಿಯಿತು. ವಾಪಸ್ ತನ್ನ ಜಾಗಕ್ಕೆ ಬರುವಾಗ ಮಾತ್ರ ನಿಧಾನ. ನೀರಿನೊಳಗೆ ಕಾಲು ಆಡಿಸಿದಷ್ಟು ನಿಧಾನ. ನಾನೇ ಕತ್ತು ತಿರುಗಿಸಿ ನೋಡುತ್ತಿದ್ದೆ. ಥೈರಾಯ್ಡ್ ಕಡಿಮೆ ಆದಾಗ ಸ್ನಾಯು ಬಿಗಿದ ಮೇಲೆ ಸಡಿಲ ಆಗಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದಂತೆ. ಮೈ ಕೈ ನೋವು, ಮೀನಖಂಡ ಹಿಡಿದುಕೊಳ್ಳುವುದು, ಮೆಟ್ಟಿಲು ಹತ್ತಲು ಕಷ್ಟ, ಎಲ್ಲದಕ್ಕೂ ಇದೇ ಕಾರಣ ಇರಬಹುದು ಅಂದರು. ರಿಪೋರ್ಟ್ ಬಂತು. ಟಿಎಸ್‌ಎಚ್ 38. ಹೆಚ್ಚು ಕಡಿಮೆ 4ರ ಒಳಗೆ ಇರಬೇಕಾದದ್ದು; ಥೈರಾಯ್ಡ್ ಹಾರ್ಮೋನ್ ಕಡಿಮೆ ಆದಾಗ ಈ ಅಂಕಿ ಏರುತ್ತದೆ. ಥೈರಾಯ್ಡ್ ವಿರುದ್ಧ ಮೈಯೇ ತಯಾರು ಮಾಡುವ ಪ್ರತಿಕಾಯಗಳೂ ಜಾಸ್ತಿ ಇದ್ದವು. ಅಂದರೆ ಹಶಿಮೊಟೊ ಕಾಯಿಲೆ. ಹಕಾರು ಹಶಿಮೊಟೊ ಅನ್ನುವ ಜಪಾನಿನ ಡಾಕ್ಟರು 1912ರಲ್ಲಿ ಇದನ್ನು ಮೊದಲು ವಿವರಿಸಿದ್ದು, ಅವರು ನೋಡಿದ ನಾಲ್ಕು ರೋಗಿಗಳೂ ಹೆಂಗಸರೇ. ನೂರು ವರ್ಷ ದಾಟಿದರೂ ಈ ಕಾಯಿಲೆ ಹೆಚ್ಚಾಗಿ ಹುಡುಕಿಕೊಂಡು ಬರುವುದು ನಮ್ಮನ್ನೇ.

ಕಾಫಿಗೆ ಮುಂಚೆ

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಜಿಲ್ಲೆಯವರಿಗಂತೂ ಇದು ಬೇಕೇ ಬೇಕು. ಮಾತ್ರೆ ಶುರು ಮಾಡಿದೆ. ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಅಂದಿದ್ದರು. ನಾನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳುತ್ತಿದ್ದೆ. ಬೆಳಗ್ಗೆ ಐದೂವರೆಗೆ ಎದ್ದು, ಒಲೆ ಹಚ್ಚಿ, ಬೆಲ್ಲದ ಕಾಫಿ ಮಾಡಿ, ಮಾತ್ರೆ ಬಾಯಿಗೆ ಹಾಕಿ ಆ ಕಾಫಿಯಲ್ಲೇ ನುಂಗುತ್ತಿದ್ದೆ. ನಮ್ಮಲ್ಲಿ ಕಾಫಿಯನ್ನು ಯಾರು ಹೊಟ್ಟೆಗೆ ತಿಂದ ಲೆಕ್ಕದಲ್ಲಿ ಇಡುತ್ತಾರೆ? ಡಬ್ಬಿ ಇದ್ದದ್ದು ಒಲೆಯ ಮೇಲಿನ ಶೆಲ್ಫಿನಲ್ಲಿ, ಕಾಫಿಪುಡಿ ಡಬ್ಬಿ ಪಕ್ಕ, ಮರೆಯಬಾರದು ಅಂತ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಿ ರಕ್ತಹೀನತೆ ಇತ್ತು, ಅದಕ್ಕೆ ಕೊಟ್ಟಿದ್ದ ಕಬ್ಬಿಣದ ಮಾತ್ರೆಯನ್ನೂ ತಿಂಡಿ ಆದ ಕೂಡಲೇ ನುಂಗಿ ಬಸ್ ಹಿಡಿಯುತ್ತಿದ್ದೆ.

ಟಿಎಸ್‌ಎಚ್ ಸರಿ ಮಟ್ಟಕ್ಕೆ ಇಳಿಯಲೇ ಇಲ್ಲ. 38 ಇದ್ದದ್ದು 19 ಆಯಿತು, ಅಲ್ಲಿಗೇ ನಿಂತಿತು. ಮಾತ್ರೆಯ ಪ್ರಮಾಣ 50 ಮೈಕ್ರೋಗ್ರಾಂನಿಂದ 75, ಆಮೇಲೆ 100. ಹೀಗೆ ಒಂದು ವರ್ಷದ ಮೇಲೆ ಹೋಯಿತು. ನಂತರ ನೋಡಿದ ಒಬ್ಬ ಲೇಡಿ ಡಾಕ್ಟರು "ಬೆಳಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ, ಒಂದೊಂದೇ ಹೇಳಿ" ಅಂದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಕಾಫಿ ಈ ಮಾತ್ರೆಯನ್ನು ಕರುಳು ಹೀರಿಕೊಳ್ಳದ ಹಾಗೆ ತಡೆಯುತ್ತದೆ. ಬರೀ ನೀರಿನಲ್ಲಿ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಒಲೆಯ ಶಾಖ, ಮಳೆಗಾಲದ ತೇವ ಎರಡೂ ಈ ಮಾತ್ರೆಗೆ ಆಗಿಬರುವುದಿಲ್ಲ. ಡಬ್ಬಿ ಮಲಗುವ ಕೋಣೆಗೆ ಬಂತು. ಈಗ ನಾಲ್ಕೂವರೆಗೆ ಒಮ್ಮೆ ಎಚ್ಚರ ಆದಾಗ ಕತ್ತಲಲ್ಲೇ ಕೈ ಚಾಚಿ ಒಂದು ನುಂಗಿ ಮತ್ತೆ ಮಲಗುತ್ತೇನೆ. ಈ ಮಾತ್ರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಹಾಗಾಗಿ ಬದಲಾವಣೆ ಮಾಡಿದರೆ ಆರರಿಂದ ಎಂಟು ವಾರ ಕಾದೇ ರಕ್ತ ಪರೀಕ್ಷೆ ಮಾಡಿಸಬೇಕು. ಎಂಟು ವಾರ ಕಾದೆ. ಜುಲೈ ಬಂತು. 2.6 ಬಂತು.

ಇದಾದ ಮೇಲೆ ಒಂದೊಂದೇ ಲಕ್ಷಣ ಹೋಗುತ್ತಾ ಬಂತು. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ದನಿಯ ಗೊಗ್ಗರು ಹೋಯಿತು, ಮಕ್ಕಳು "ಟೀಚರ್ ಶೀತ ವಾಸಿ ಆಯ್ತಾ" ಅಂತ ಕೇಳಿದರು. ಮಲಬದ್ಧತೆ ಹೋಯಿತು. ಮುಟ್ಟು ಹತೋಟಿಗೆ ಬಂತು. ಕಣ್ಣಿನ ಕೆಳಗಿನ ಊತ ಇಳಿಯಿತು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ, ನವೆಂಬರ್ ಕೊನೆಯ ಆ ಚಳಿಯಲ್ಲಿ, ನಾನು ಸ್ವೆಟರ್ ಇಲ್ಲದೆ ಗದ್ದೆ ಬದುವಿನ ಮೇಲೆ ನಿಂತು ಕದಿರು ತೆಗೆಯುವುದನ್ನು ನೋಡಿದೆ. ಇಷ್ಟೆಲ್ಲ ಆಯಿತು. ನೋವು ಮಾತ್ರ ಹೋಗಲಿಲ್ಲ. ಅದು ಹೋಗದೇ ಇರುವುದು ಅಷ್ಟೇ ಅಲ್ಲ, ಉಳಿದವೆಲ್ಲ ಸರಿದ ಮೇಲೆ ಅದೊಂದೇ ಎದ್ದು ಕಾಣತೊಡಗಿತು. ಕುತ್ತಿಗೆ, ಹೆಗಲು, ಸೊಂಟದ ಎರಡೂ ಪಕ್ಕ, ಮಂಡಿಯ ಒಳಭಾಗ. ಮಗಳು ಹಿಂದಿನಿಂದ ಬಂದು ತಬ್ಬಿಕೊಂಡರೆ ಅಮ್ಮಾ ಅಂತ ಚೀರುವಷ್ಟು. ಅವಳು ತಬ್ಬಿಕೊಳ್ಳುವುದನ್ನೇ ನಿಲ್ಲಿಸಿದಳು. ರಾತ್ರಿ ಎಂಟು ಗಂಟೆ ಮಲಗಿದರೂ ಬೆಳಗ್ಗೆ ಏಳುವಾಗ ಇಡೀ ರಾತ್ರಿ ಕಣದಲ್ಲಿ ಕಾಫಿ ಎಳೆದ ಹಾಗೆ ಮೈಯೆಲ್ಲ ಹುಣ್ಣು.

ಆಗ ನಾನೊಂದು ತಪ್ಪು ಮಾಡಿದೆ. ನೆಂಟರೊಬ್ಬರು "ನೋವು ಇದೆ ಅಂದ್ರೆ ಮಾತ್ರೆ ಸಾಲ್ತಿಲ್ಲ ಅಂತ" ಅಂದರು. ನಾರ್ಮಲ್ ಅನ್ನುವುದು ಎಲ್ಲರ ನಾರ್ಮಲ್, ನಿನ್ನ ಮೈಗೆ ಇನ್ನೂ ಬೇಕು ಅಂದರು. ಅದು ನನಗೆ ಸರಿ ಅನಿಸಿತು. ಯಾರನ್ನೂ ಕೇಳದೆ ದಿನಕ್ಕೆ ಒಂದೂವರೆ ಮಾತ್ರೆ ನುಂಗತೊಡಗಿದೆ. ಎರಡು ತಿಂಗಳಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗಿತು, ರಾತ್ರಿ ಎದೆ ಡವಡವ ಅಂತ ಹೊಡೆದುಕೊಂಡು ನಿದ್ದೆ ಇನ್ನೂ ಕೆಟ್ಟಿತು. ನೋವು ಇದ್ದಲ್ಲೇ ಇತ್ತು. ಟಿಎಸ್‌ಎಚ್ 0.05ಕ್ಕೆ ಇಳಿದಿತ್ತು. ಹೀಗೇ ಮುಂದುವರಿಸಿದ್ದರೆ ಎದೆಬಡಿತ ತಾಳ ತಪ್ಪುವುದು, ಮೂಳೆ ಸವೆಯುವುದು ಎರಡೂ ಆಗಬಹುದಿತ್ತು ಅಂತ ಡಾಕ್ಟರು ಬೈದರು. ಬೈದದ್ದು ಸರಿಯೇ. ಇದನ್ನು ಬರೆಯುವುದು ಯಾಕೆಂದರೆ, ಫೈಬ್ರೊಮಯಾಲ್ಜಿಯಕ್ಕೆ ಥೈರಾಯ್ಡ್ ಮಾತ್ರೆಯನ್ನೇ ಜಾಸ್ತಿ ಮಾಡಿದರೆ ಸರಿ ಹೋಗುತ್ತದೆ ಅನ್ನುವ ಸಲಹೆ ಈಗಲೂ ಓಡಾಡುತ್ತಿದೆ. ದಯವಿಟ್ಟು ಕೇಳಬೇಡಿ.

ಹೆಬ್ಬೆರಳ ಉಗುರು

ಮೈಸೂರಿನ ಡಾಕ್ಟರ ಹತ್ತಿರ ಹೋಗಿದ್ದು 2.6 ಬಂದು ಒಂದೂವರೆ ವರ್ಷ ಆದ ಮೇಲೆ, ಜನವರಿಯಲ್ಲಿ. ಬೆಳಗ್ಗೆ ಆರಕ್ಕೆ ಬಸ್ ಹತ್ತಿ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು ಸೇರುವಷ್ಟರಲ್ಲಿ ಕೂತ ಜಾಗದಲ್ಲೆಲ್ಲ ನೋವು. ಸಂಧಿವಾತದ ತಜ್ಞರು. ನನ್ನ ಫೈಲ್ ಪೂರ್ತಿ ನೋಡಿ ಮುಚ್ಚಿಟ್ಟು ಮೊದಲು ಕೇಳಿದ ಪ್ರಶ್ನೆ ಇದು: "ಬೆಳಗ್ಗೆ ಎದ್ದಾಗ ನಿದ್ದೆ ಮಾಡಿದ ಹಾಗೆ ಅನಿಸುತ್ತಾ ಅಮ್ಮ?"

ನಾಲ್ಕು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಿದ್ದೆ ಬರುತ್ತಾ ಅಂತ ಕೇಳಿದ್ದರು. ಬರುತ್ತದೆ ಅಂದಿದ್ದೆ. ಅದು ಸುಳ್ಳಲ್ಲ. ನಿದ್ದೆ ಬರುತ್ತಿತ್ತು, ಮೈಗೆ ಅದು ತಾಗುತ್ತಿರಲಿಲ್ಲ ಅಷ್ಟೆ.

ಅವರೂ ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಗೆ ತಟ್ಟಿದರು. ಈ ಸಲ ಪಾದ ಹೋದ ವೇಗದಲ್ಲೇ ವಾಪಸ್ ಬಂತು. "ಥೈರಾಯ್ಡ್ ತನ್ನ ಲೆಕ್ಕ ಚುಕ್ತಾ ಮಾಡಿದೆ" ಅಂದರು. ಆಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ, ನೋವಾದರೆ ಹೇಳಿ ಅಂದರು. ತಲೆಬುರುಡೆಯ ಕೆಳಗೆ ಕುತ್ತಿಗೆ ಸೇರುವಲ್ಲಿ, ಹೆಗಲ ಮಧ್ಯದಲ್ಲಿ, ಎದೆಯ ಎರಡನೇ ಪಕ್ಕೆಲುಬಿನ ಹತ್ತಿರ, ಮೊಣಕೈ, ಸೊಂಟದ ಕೆಳಗೆ, ಮಂಡಿಯ ಒಳಗೆ. ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಪ್ರತಿ ಸಲ ಉಗುರು ಗುಲಾಬಿ ಬಣ್ಣ ಹೋಗಿ ಬಿಳಿ ಆಗುವ ತನಕ ಒತ್ತುತ್ತಿದ್ದರು, ಅದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ. ಉಗುರು ಬಿಳಿ ಆಗುವಷ್ಟು ಒತ್ತಿದರೆ ಸುಮಾರು ನಾಲ್ಕು ಕಿಲೋ ಭಾರ. ನೋವಿಲ್ಲದವರಿಗೆ ಅದು ಒತ್ತಿದ ಹಾಗೆ ಅನಿಸುತ್ತದೆ, ಅಷ್ಟೇ. ನನಗೆ ಹದಿನೆಂಟು ಜಾಗದಲ್ಲಿ ಹದಿನಾಲ್ಕು ಕಡೆ ಕಣ್ಣಲ್ಲಿ ನೀರು ಬಂತು. ನಂತರ ನನ್ನ ಯಜಮಾನರನ್ನು ಕರೆದು ಅವರ ಹೆಗಲಿನ ಅದೇ ಜಾಗದಲ್ಲಿ, ಅದೇ ಬಿಳಿ ಉಗುರಿನಿಂದ ಒತ್ತಿದರು. ಇವರು "ಏನೂ ಇಲ್ವಲ್ಲ ಡಾಕ್ಟ್ರೇ" ಅಂದು ನನ್ನ ಕಡೆ ನೋಡಿದರು. ನಾನು ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅವತ್ತು ಇವರ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಹದಿನೆಂಟರಲ್ಲಿ ಕನಿಷ್ಠ ಹನ್ನೊಂದು ಕಡೆ ನೋವು ಇರಬೇಕು ಅನ್ನುವುದು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 1990ರಲ್ಲಿ ಮಾಡಿದ ನಿಯಮ. 2010ರಲ್ಲಿ ಅದನ್ನು ಬದಲಿಸಿದರು. ಈಗ ಮೈಯನ್ನು 19 ಭಾಗ ಮಾಡಿ ಎಷ್ಟು ಕಡೆ ನೋವಿದೆ ಎಂದು ಎಣಿಸುತ್ತಾರೆ, ಜೊತೆಗೆ ಆಯಾಸ, ಎದ್ದಾಗ ದಣಿವು, ಮರೆವು ಎಷ್ಟಿದೆ ಎಂದು ಕೇಳುತ್ತಾರೆ. ಮೂರು ತಿಂಗಳಾದರೂ ಇರಬೇಕು. ನನಗೆ ಸ್ನಾಯು ಹಾಳಾಗಿದೆಯಾ ಅಂತ ನೋಡುವ ಸಿಪಿಕೆ, ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ, ವಿಟಮಿನ್ ಡಿ, ಬಿ12, ಎಕ್ಸ್‌ರೇ ಎಲ್ಲ ಮಾಡಿಸಿದರು. ಎಲ್ಲ ಸರಿ ಇತ್ತು. ಈ ಸಲ ಮಾತ್ರ ನಾರ್ಮಲ್ ಅಂದವರು ಅಲ್ಲಿಗೆ ನಿಲ್ಲಿಸಲಿಲ್ಲ. "ಇಷ್ಟೆಲ್ಲ ನಾರ್ಮಲ್ ಇದ್ದು ಇಷ್ಟು ನೋವು ಇದೆ ಅಂದ್ರೆ, ಅದಕ್ಕೂ ಒಂದು ಹೆಸರಿದೆ" ಅಂದರು. ಕಾಯಿಲೆಯ ಹೆಸರು ಕೇಳಿ ಖುಷಿ ಆಗುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು.

ಆನೆ ಬಂದು ಹೋದ ಮೇಲೆ

ನೋವು ಇದೆ, ಆದರೆ ನೋಯುವ ಜಾಗದಲ್ಲಿ ಗಾಯ ಇಲ್ಲ. ಇದನ್ನು ಮನೆಯವರಿಗೆ ಹೇಗೆ ಹೇಳುವುದು ಅಂತ ಬಹಳ ಯೋಚನೆ ಮಾಡಿದೆ. ಕೊನೆಗೆ ನಮ್ಮ ನಾಯಿಯೇ ನೆನಪಾಯಿತು. ಕೆಲವು ವರ್ಷದ ಹಿಂದೆ ಹಲಸಿನ ಕಾಲದಲ್ಲಿ ಒಂದು ರಾತ್ರಿ ಒಂಟಿ ಆನೆ ತೋಟಕ್ಕೆ ಬಂದಿತ್ತು. ಬೇಲಿ ಮುರಿದು, ಮನೆಯ ಹಿಂದಿನ ಮರದ ಹಣ್ಣು ತಿಂದು, ಬೆಳಗಿನ ಜಾವ ಹೋಯಿತು. ಕಟ್ಟಿ ಹಾಕಿದ್ದ ನಾಯಿ ಇಡೀ ರಾತ್ರಿ ಬೊಗಳಿ ಬೊಗಳಿ ಗಂಟಲು ಕಟ್ಟಿಕೊಂಡಿತ್ತು. ಆ ರಾತ್ರಿಯ ನಂತರ ಅದು ಮೊದಲಿನ ನಾಯಿ ಆಗಲಿಲ್ಲ. ಸಿಲ್ವರ್ ಓಕ್ ಮರದ ಎಲೆ ಬಿದ್ದರೆ ಬೊಗಳುತ್ತಿತ್ತು. ಹಂಡೆಗೆ ನೀರು ತುಂಬುವ ಸದ್ದಿಗೆ ಬೊಗಳುತ್ತಿತ್ತು. ಆನೆ ಮತ್ತೆ ಬರಲಿಲ್ಲ, ನಾಯಿಯ ಮೈಯಿಂದ ಮಾತ್ರ ಆನೆ ಹೋಗಲೇ ಇಲ್ಲ. ಅದು ಸುಳ್ಳು ಬೊಗಳುತ್ತಿತ್ತು ಅಂತ ಯಾರಾದರೂ ಹೇಳುತ್ತಾರಾ? ಅದಕ್ಕೆ ಪ್ರತಿ ಸದ್ದೂ ನಿಜವಾದ ಆನೆಯೇ.

ಫೈಬ್ರೊಮಯಾಲ್ಜಿಯದಲ್ಲಿ ಆಗುವುದೂ ಹೆಚ್ಚು ಕಡಿಮೆ ಇದೇ. ಸ್ನಾಯು ಮತ್ತು ಕೀಲು ಚೆನ್ನಾಗಿರುತ್ತವೆ. ಅಲ್ಲಿಂದ ಬರುವ ಸಣ್ಣ ಸುದ್ದಿಯನ್ನೂ ಬೆನ್ನುಹುರಿ ಮತ್ತು ಮೆದುಳು ದೊಡ್ಡದು ಮಾಡಿ ನೋವು ಅಂತ ಓದುತ್ತವೆ. ಮುಟ್ಟಿದರೆ ನೋವು, ಚಳಿಗೆ ನೋವು, ಕೆಲವರಿಗೆ ಜೋರು ಸದ್ದು ಮತ್ತು ಬೆಳಕು ಕೂಡ ತಡೆಯುವುದಿಲ್ಲ. ಹಿಂದೆ ಇದನ್ನು ನಾರಿನ ಉರಿಯೂತ ಅನ್ನುವ ಅರ್ಥದಲ್ಲಿ ಫೈಬ್ರೊಸೈಟಿಸ್ ಅನ್ನುತ್ತಿದ್ದರು, 1904ರಲ್ಲಿ ವಿಲಿಯಂ ಗೋವರ್ಸ್ ಅನ್ನುವ ಇಂಗ್ಲಿಷ್ ಡಾಕ್ಟರು ಇಟ್ಟ ಹೆಸರು. ಹುಡುಕಿದರೆ ಉರಿಯೂತ ಸಿಗಲಿಲ್ಲ, ಹೆಸರು ಬದಲಾಯಿತು.

ಅತ್ತೆಗೆ ನಾಯಿಯ ಕತೆ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಗಾದ್ರೆ ನಿನ್ನ ಆನೆ ಯಾವುದು?" ಅಂತ ಕೇಳಿದರು.

ಥೈರಾಯ್ಡ್ ಆ ಆನೆಯಾ? ಇದಕ್ಕೆ ನೇರ ಉತ್ತರ ಯಾರ ಹತ್ತಿರವೂ ಇಲ್ಲ. ಹಶಿಮೊಟೊ ಇರುವವರಲ್ಲಿ ಫೈಬ್ರೊಮಯಾಲ್ಜಿಯ ಬೇರೆಯವರಿಗಿಂತ ಜಾಸ್ತಿ ಕಾಣುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ. ಫೈಬ್ರೊಮಯಾಲ್ಜಿಯ ಇರುವವರನ್ನು ಪರೀಕ್ಷೆ ಮಾಡಿದಾಗ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳು ಜಾಸ್ತಿ ಸಿಕ್ಕಿದ್ದೂ ಇದೆ, ಕೆಲವರಲ್ಲಿ ಟಿಎಸ್‌ಎಚ್ ಸರಿ ಇದ್ದಾಗಲೂ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಎರಡೂ ನಡುವಯಸ್ಸಿನ ಹೆಂಗಸರಲ್ಲಿ ಜಾಸ್ತಿ, ಹಾಗಾಗಿ ಒಬ್ಬರಲ್ಲೇ ಎರಡೂ ಸೇರುವುದು ಸಹಜವೂ ಹೌದು. ಒಟ್ಟಿಗೆ ಕಾಣುತ್ತವೆ ಅಂದ ಮಾತ್ರಕ್ಕೆ ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿತು ಅಂತಲ್ಲ. ನನಗೆ ಮುಖ್ಯ ಅನಿಸುವುದು ಬೇರೆ. ಇವೆರಡೂ ಒಂದರ ಹಿಂದೆ ಒಂದು ಅಡಗಿಕೊಳ್ಳುತ್ತವೆ. ಆಯಾಸ, ಮೈ ಕೈ ನೋವು, ಮರೆವು, ಮಲಬದ್ಧತೆ, ಮನಸ್ಸು ಕುಗ್ಗುವುದು, ಎಲ್ಲ ಎರಡರಲ್ಲೂ ಇದೆ. ಮೈಯೆಲ್ಲ ನೋವು ಅಂತ ಬಂದವರಿಗೆ ಥೈರಾಯ್ಡ್ ನೋಡದೆ ಫೈಬ್ರೊ ಅಂದುಬಿಟ್ಟರೆ, ಸುಲಭದ ಒಂದು ಮಾತ್ರೆಯಿಂದ ಹೋಗುವ ಕಷ್ಟವನ್ನು ವರ್ಷಗಟ್ಟಲೆ ಹೊರಬೇಕಾಗುತ್ತದೆ. ಅದಕ್ಕೇ ಡಾಕ್ಟರುಗಳು ಮೊದಲು ಟಿಎಸ್‌ಎಚ್ ಮಾಡಿಸುವುದು. ಹಾಗೆಯೇ ಥೈರಾಯ್ಡ್ ಸಿಕ್ಕಿತು ಅಂತ ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ನನ್ನ ಗತಿಯೇ. ಹಾರ್ಮೋನ್ ಸರಿ ಹೋಗಿ ಆರು ತಿಂಗಳಾದರೂ ನೋವು ಅಲ್ಲೇ ಇದ್ದರೆ, ಆ ನೋವು ಬೇರೆಯ ವಿಚಾರಣೆ ಕೇಳುತ್ತಿದೆ.

ಅತ್ತೆಗೆ ಇಷ್ಟು ಹೇಳಲಿಲ್ಲ. "ಗೊತ್ತಿಲ್ಲ ಅತ್ತೆ, ಎರಡೂ ಇದೆ" ಅಂದೆ. ಅವತ್ತಿನಿಂದ ಹಿಂಡುವ ಬಟ್ಟೆಯ ಒಂದು ತುದಿಯನ್ನು ಅವರು ಹಿಡಿದುಕೊಳ್ಳುತ್ತಾರೆ. ಆಗಸ್ಟ್‌ನಲ್ಲಿ, ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನದ ಹಬ್ಬಕ್ಕೆ, ಮದ್ದುಸೊಪ್ಪಿನ ಪಾಯಸವನ್ನು ಒಂದು ಬಟ್ಟಲು ಜಾಸ್ತಿಯೇ ಕೊಡುತ್ತಾರೆ. ನಾನು ಪ್ರೀತಿಯಿಂದ ತಿನ್ನುತ್ತೇನೆ, ಮಾತ್ರೆ ಬಿಡುವುದಿಲ್ಲ.

ಚಿಕಿತ್ಸೆಯ ಬಗ್ಗೆ ಸ್ವಲ್ಪ. ರಾತ್ರಿ ಮಲಗುವ ಮುಂಚೆ ಸಣ್ಣ ಪ್ರಮಾಣದ ಒಂದು ಮಾತ್ರೆ ಕೊಟ್ಟರು. ಜಾಸ್ತಿ ಪ್ರಮಾಣದಲ್ಲಿ ಅದೇ ಮಾತ್ರೆಯನ್ನು ಖಿನ್ನತೆಗೆ ಕೊಡುತ್ತಾರೆ, ಕಡಿಮೆ ಪ್ರಮಾಣದಲ್ಲಿ ನೋವು ಮತ್ತು ನಿದ್ದೆಗೆ. ಔಷಧಿ ಅಂಗಡಿಯಲ್ಲಿ ಹುಡುಗ ಚೀಟಿ ನೋಡಿ, ಪಕ್ಕದಲ್ಲಿ ನಾಲ್ಕು ಜನ ನಿಂತಿರುವಾಗ "ಇದು ಮೆಂಟಲ್‌ಗೆ ಕೊಡೋದಲ್ವಾ ಮೇಡಂ" ಅಂದ. ಒಂದು ವಾರ ಆ ಮಾತ್ರೆ ಮುಟ್ಟಲಿಲ್ಲ. ಮನಸ್ಸಿನ ಕಾಯಿಲೆ ಇದ್ದರೂ ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ ಅಂತ ಈಗ ಅನಿಸುತ್ತದೆ, ಆದರೆ ಅವತ್ತು ಚುಚ್ಚಿತು. ಮಾತ್ರೆಗಿಂತ ಜಾಸ್ತಿ ಕೆಲಸ ಮಾಡಿದ್ದು ನಡಿಗೆ. ಯುರೋಪಿನ ಸಂಧಿವಾತ ತಜ್ಞರ ಸಂಘ 2016ರಲ್ಲಿ ಹೊರಡಿಸಿದ ಸಲಹೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದ್ದು ವ್ಯಾಯಾಮವನ್ನೇ. ನೋಯುವ ಮೈಯಲ್ಲಿ ನಡೆಯಿರಿ ಅಂದರೆ ಕೋಪ ಬರುತ್ತದೆ, ನನಗೂ ಬಂತು. ಹೂಮಳೆ ಬಿದ್ದು, ಕಾಫಿ ಹೂ ಅರಳಿ ತೋಟವೆಲ್ಲ ಬಿಳಿ ಆಗಿದ್ದ ಮಾರ್ಚ್ ತಿಂಗಳಲ್ಲಿ ಶುರು ಮಾಡಿದೆ. ಮನೆಯಿಂದ ಗೇಟಿನ ತನಕ, ಹತ್ತು ನಿಮಿಷ, ಅಷ್ಟೇ. ಚೆನ್ನಾಗಿ ಅನಿಸಿದ ದಿನವೂ ಹತ್ತೇ ನಿಮಿಷ. ಒಂದು ದಿನ ಹುರುಪಿನಲ್ಲಿ ಇಡೀ ಕಣ ಗುಡಿಸಿ ಎರಡು ದಿನ ಹಾಸಿಗೆ ಹಿಡಿದೆ. ಎರಡು ವಾರಕ್ಕೊಮ್ಮೆ ಐದು ನಿಮಿಷ ಸೇರಿಸಿದೆ. ಈಗ ಬಸ್ ಸ್ಟಾಪಿನ ತನಕ ಹೋಗಿ ಬರುತ್ತೇನೆ. ನೋವು ಪೂರ್ತಿ ಹೋಗಿಲ್ಲ. ಮಗಳು ಮತ್ತೆ ತಬ್ಬಿಕೊಳ್ಳುತ್ತಾಳೆ, ಮೆಲ್ಲಗೆ, ಮುಂದಿನಿಂದ.

ತೂಕದ ಹೊತ್ತು

ಕಳೆದ ಕುಯ್ಲಿನಲ್ಲಿ ನಮ್ಮ ತೋಟಕ್ಕೆ ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಒಬ್ಬ ಹೆಂಗಸು ಬರುತ್ತಿದ್ದರು. ನನಗಿಂತ ಎರಡು ಮೂರು ವರ್ಷ ಚಿಕ್ಕವರು. ಕಾಫಿ ಕುಯ್ಯುವುದು ಕಿಲೋ ಲೆಕ್ಕ, ನಿಧಾನ ಆದರೆ ಕೂಲಿ ಕಡಿಮೆ. ಅವರು ಮೊದಲು ಎಲ್ಲರಿಗಿಂತ ಮುಂದೆ ಇರುತ್ತಿದ್ದವರು, ಈಚೆಗೆ ಹಿಂದೆ ಬೀಳುತ್ತಿದ್ದರು. ಸಂಜೆ ತೂಕಕ್ಕೆ ಚೀಲ ಎತ್ತುವಾಗ ಹಲ್ಲು ಕಚ್ಚುವುದು ನನಗೆ ಕಾಣುತ್ತಿತ್ತು. ಮೈಯೆಲ್ಲ ಕುಟ್ಟಿ ಹಾಕಿದ ಹಾಗೆ ಅನ್ನುತ್ತಿದ್ದರು. ಜೊತೆಯವರು ಸೋಮಾರಿತನ ಅನ್ನುತ್ತಿದ್ದರು. ಸರ್ಕಾರಿ ಆಸ್ಪತ್ರೆಗೆ ಹೋಗಿ ಥೈರಾಯ್ಡ್ ನೋಡಿಸಿಕೊಂಡು ಬನ್ನಿ ಅಂತ ನಾನೇ ಕಳಿಸಿದೆ. ಒಂದು ದಿನದ ಕೂಲಿ ಬಿಟ್ಟು ಹೋದರು.

ಮಾರನೇ ಸಂಜೆ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರವಿಕೆಯೊಳಗಿಂದ ತೆಗೆದು ನನ್ನ ಕೈಗೆ ಕೊಟ್ಟರು. ಬೆವರಿಗೆ ಕವರ್ ಬೆಚ್ಚಗಿತ್ತು. ಟಿಎಸ್‌ಎಚ್ 3.1. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಉಳಿದದ್ದೆಲ್ಲ ಮಿತಿಯೊಳಗೆ.

"ನಾರ್ಮಲ್ ಅಂತೆ ಟೀಚರೇ" ಅಂದರು. "ಏನೂ ಇಲ್ಲ ಅಂದ್ರು. ಸುಮ್ನೆ ಒಂದು ದಿನದ ಕೂಲಿ ಹೋಯ್ತು." ಏನೂ ಇಲ್ಲ ಅಂದದ್ದಕ್ಕೆ ಅವರ ಮುಖ ಅಷ್ಟು ಸಣ್ಣದಾದದ್ದು ನೋಡಿ, ಆ ಜುಲೈ ತಿಂಗಳ ಶನಿವಾರ ಇಡೀ ನನ್ನ ಮುಂದೆ ಬಂದು ನಿಂತಿತು.

ಜಗಲಿಯ ಮೆಟ್ಟಿಲ ಮೇಲೆ ಜಾಗ ಮಾಡಿ ಕೂತುಕೊಳ್ಳಿ ಅಂದೆ. ಒಳಗಿನಿಂದ ಎರಡು ಲೋಟ ಕಾಫಿ ತಂದು ಒಂದು ಅವರ ಕೈಗೆ ಕೊಟ್ಟೆ.

"ಬೆಳಗ್ಗೆ ಏಳುವಾಗ ಹೇಗನಿಸುತ್ತೆ? ನಿದ್ದೆ ಮಾಡಿ ಎದ್ದ ಹಾಗೆ ಇರುತ್ತಾ?"

ಅವರು ನನ್ನ ಮುಖ ನೋಡಿದರು. ಲೋಟ ಕೆಳಗಿಟ್ಟರು. "ಯಾರೂ ಕೇಳಿಲ್ಲ ಟೀಚರೇ" ಅಂದವರು ಶುರು ಮಾಡಿದರು, ಎರಡನೇ ಹೆರಿಗೆ ಆದ ವರ್ಷದಿಂದ. ಕಣದ ಕಡೆಯಿಂದ ನಮ್ಮ ಯಜಮಾನರು ತೂಕಕ್ಕೆ ಕರೆದರು. ಸ್ವಲ್ಪ ತಡೀರಿ ಅಂತ ಕೂಗಿ ಹೇಳಿ, ನಾನು ಹತ್ತಿರಕ್ಕೆ ಸರಿದು ಕೂತೆ.